ಸವೆದ ಗುದ್ದಲಿಯ ಮುಂದಿನ ಕೆಲಸ

ತೋಟದ ಸಾಮಾನು ಒಂದೇ ದಿನದಲ್ಲಿ ಹಳತಾಗುವುದಿಲ್ಲ. ಗುದ್ದಲಿಯ ಬಾಯಿ ಮಳೆಗಾಲದಿಂದ ಮಳೆಗಾಲಕ್ಕೆ ಒಂದಿಷ್ಟು ಸವೆಯುತ್ತದೆ. ಕಾವು ಅಂಗೈ ತಾಗುವಲ್ಲಿ ನುಣುಪಾಗುತ್ತದೆ. ಗಿಡಗಳಿಗೆ ನೀರು ಹನಿಸುವ ರೋಸ್ ಕ್ಯಾನಿನ ತಳದಲ್ಲಿ ಮೊದಲು ಒಂದು ಕೆಂಪು ಚುಕ್ಕೆ, ಆಮೇಲೆ ಒಂದು ಹನಿ, ಆಮೇಲೆ ಸಣ್ಣ ಧಾರೆ. ಕೈಗಾಡಿಯ ಚಕ್ರ ಕಿರುಗುಟ್ಟಲು ಶುರುವಾದ ಮೇಲೂ ಎಷ್ಟೋ ಕಾಲ ಗೊಬ್ಬರ ಹೊರುತ್ತದೆ. ಹೊಸದು ಬಂದ ದಿನ ಹಳೆಯದು ಕೊಟ್ಟಿಗೆಯ ಮೂಲೆಗೋ ಅಟ್ಟಕ್ಕೋ ನೀರಿನ ತೊಟ್ಟಿಯ ಹಿಂದಕ್ಕೋ ಸರಿಯುತ್ತದೆ. ಎಸೆಯಲು ಯಾರಿಗೂ ಮನಸ್ಸು ಬರುವುದಿಲ್ಲ, ಬಳಸಲು ಕಾರಣವೂ ಸಿಗುವುದಿಲ್ಲ. ಹಳ್ಳಿಯ ಮನೆಗಳಲ್ಲಿ ಮಾತ್ರವಲ್ಲ, ಈಗ ನಗರದ ತಾರಸಿ ತೋಟಗಳ ಮೂಲೆಯಲ್ಲೂ ಇಂಥದೊಂದು ರಾಶಿ ಇದ್ದೇ ಇರುತ್ತದೆ.

ಈ ರಾಶಿಯನ್ನು ಮತ್ತೆ ಕೆಲಸಕ್ಕೆ ಹಚ್ಚುವ ಅಭ್ಯಾಸ ಇವತ್ತಿನದಲ್ಲ. ಹಳ್ಳಿಯ ಕುಲುಮೆಯಲ್ಲಿ ಅದು ನಿತ್ಯದ ಉದ್ಯೋಗವೇ ಆಗಿತ್ತು. ಸುಗ್ಗಿಯಲ್ಲಿ ಕಣದಿಂದ ಸಲ್ಲುವ ಆಯಕ್ಕೆ ವರ್ಷವಿಡೀ ದುಡಿಯುತ್ತಿದ್ದ ಕಮ್ಮಾರನ ಮುಂದೆ, ಬೇಸಾಯ ಶುರುವಾಗುವ ಮೊದಲು, ಊರಿನ ಕುಳ, ಪಿಕಾಸಿ, ಗುದ್ದಲಿಗಳೆಲ್ಲ ಸಾಲುಗಟ್ಟುತ್ತಿದ್ದವು. ಬಾಯಿ ಸವೆದದ್ದನ್ನು ಕಾಯಿಸಿ ಹಣಿದು ಚೂಪು ಮಾಡುವುದು ಮೊದಲ ಹಂತ. ಹಣಿಯಲು ಕಬ್ಬಿಣವೇ ಸಾಲದಷ್ಟು ಸವೆದಾಗ ದೊಡ್ಡ ಉಪಕರಣ ಸಣ್ಣದಾಗುತ್ತಿತ್ತು. ನೆಲ ಉತ್ತು ಸವೆದ ಕುಳದಿಂದ ಕಳೆ ಕೀಳುವ ಕುರ್ಚಿಗೆ ಆಗುತ್ತಿತ್ತು. ಅದೂ ಮುಗಿದಾಗ ಕಾವಿಗೆ ತೊಡಿಸುವ ಬಳೆಯೋ ದಪ್ಪ ಮೊಳೆಯೋ ಆಗುತ್ತಿತ್ತು. ಲಾರಿಗಳು ಬಂದ ಮೇಲೆ ಅವುಗಳ ಮುರಿದ ಸ್ಪ್ರಿಂಗ್ ಪ್ಲೇಟುಗಳು ಕುಲುಮೆಗೆ ಬಂದವು. ಆ ಉಕ್ಕಿನಲ್ಲಿ ಇಂಗಾಲದ ಅಂಶ ಹೆಚ್ಚು. ಹದ ಕೊಟ್ಟರೆ ಅಲಗು ಬಹುಕಾಲ ನಿಲ್ಲುತ್ತದೆ. ಮಲೆನಾಡಿನ ತೋಟಗಳಲ್ಲಿ ಸೊಪ್ಪು ಸವರುವ ಎಷ್ಟೋ ಕತ್ತಿಗಳು ಹಿಂದೊಮ್ಮೆ ಘಾಟಿ ಹತ್ತಿಳಿದ ಲಾರಿಗಳ ಭಾರ ಹೊತ್ತ ಉಕ್ಕಿನವು. ಹಳೆಯ ವಸ್ತುವನ್ನು ಬೇರೆ ವಸ್ತುವಾಗಿಸುವ ವಿದ್ಯೆಯಲ್ಲಿ ಈ ಕಮ್ಮಾರರಿಗಿಂತ ದೊಡ್ಡ ಗುರುಗಳನ್ನು ಹುಡುಕಬೇಕಾಗಿಲ್ಲ.

ಅವರಿಂದ ಕಲಿಯಬೇಕಾದ ಮೊದಲ ಪಾಠವೆಂದರೆ, ಮೂಲೆಗೆ ಸೇರಿದ್ದೆಲ್ಲ ಕೆಲಸ ಮುಗಿಸಿದ್ದಲ್ಲ ಎಂಬುದು. ರಾಶಿಯಲ್ಲಿರುವ ಉಪಕರಣಗಳಲ್ಲಿ ಬಹಳಷ್ಟು ಕಾವು ಮುರಿದದ್ದಕ್ಕೋ ಸಡಿಲವಾದದ್ದಕ್ಕೋ ಅಲ್ಲಿ ಬಂದು ಬಿದ್ದಿರುತ್ತವೆ; ಕಬ್ಬಿಣ ಗಟ್ಟಿಯಾಗಿಯೇ ಇರುತ್ತದೆ. ಅವುಗಳಿಗೆ ಅಲಂಕಾರ ಬೇಡ, ಹೊಸ ಕಾವು ಬೇಕು. ಬಯಲುಸೀಮೆಯಲ್ಲಿ ಜಾಲಿ, ಮಲೆನಾಡಿನಲ್ಲಿ ತಡಸಲು, ದಿಂಡಿಗ, ಉದ್ದನೆಯ ಹಿಡಿಕೆಗಳಿಗೆ ಒಳಗೆ ಪೊಳ್ಳಿಲ್ಲದ ಗಟ್ಟಿ ಬಿದಿರು ಎಂದು ಆಯಾ ಸೀಮೆಯವರು ಕಾವಿನ ಮರವನ್ನು ಆರಿಸಿಟ್ಟುಕೊಂಡಿದ್ದಾರೆ. ತಡಸಲು ಮುರಿಯದೆ ಬಾಗುವ ಮರ; ನೆಲಕ್ಕೆ ಹಾಕಿದ ಪೆಟ್ಟಿನ ಹೊಡೆತವನ್ನು ತಾನೇ ನುಂಗಿಕೊಂಡು ಮೊಣಕೈಯನ್ನು ಉಳಿಸುತ್ತದೆ. ಸಡಿಲವಾದ ಗುದ್ದಲಿಯನ್ನು ರಾತ್ರಿ ನೀರಿನಲ್ಲಿ ಮುಳುಗಿಸಿಟ್ಟು ಬೆಳಿಗ್ಗೆ ಬಿಗಿಯಾಯಿತೆಂದು ಒಯ್ಯುವುದು ಎಲ್ಲೆಡೆ ಇರುವ ರೂಢಿ. ಆದರೆ ಉಬ್ಬಿದ ಮರ ಒಣಗಿದ ಕೂಡಲೇ ಮತ್ತೆ ಕುಗ್ಗುತ್ತದೆ. ಒಣಗಿದ ಕಾವಿಗೆ ಒಣಗಿದ ಮರದ ಬೆಣೆ ಹೊಡೆಯುವುದೇ ನಿಲ್ಲುವ ಉಪಾಯ.

ಇಷ್ಟಾದ ಮೇಲೂ ಉಳಿಯುವವು, ಬಾಯಿ ಮುಕ್ಕಾಗಿ, ಕಣ್ಣು ಸೀಳಿ, ತಳ ತೂತಾಗಿ ನಿಜವಾಗಿಯೇ ದಣಿದಂಥವು, ಬೇರೆ ರೂಪಕ್ಕೆ ಹೊರಡುತ್ತವೆ. ಮೊದಲು ತುಕ್ಕು ಬಿಡಿಸಬೇಕು. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಹೆಚ್ಚು ಜಾಗ ಬೇಡುತ್ತದೆ. ಅದಕ್ಕೇ ಅದು ಪದರು ಪದರಾಗಿ ಸಿಡಿದೇಳುತ್ತದೆ, ಕೆಳಗಿನ ಹೊಸ ಕಬ್ಬಿಣವನ್ನು ಗಾಳಿಗೂ ನೀರಿಗೂ ಒಡ್ಡುತ್ತದೆ. ತಂತಿಯ ಬ್ರಷ್ಷಿನಿಂದ ಸಡಿಲ ತುಕ್ಕನ್ನು ಉಜ್ಜಿ, ವಸ್ತು ಮುಳುಗುವಷ್ಟು ವಿನೆಗರ್‌ನಲ್ಲಿ ಒಂದು ರಾತ್ರಿ ಇಟ್ಟರೆ ಮರುದಿನ ಕೈಯಿಂದಲೇ ಕಪ್ಪು ಕೆಸರು ಜಾರಿಬರುತ್ತದೆ. ಹಿತ್ತಾಳೆ ಬೆಳಗುವ ಹುಣಸೆ ಹುಳಿಯೂ ಇದೇ ಕೆಲಸ ಮಾಡುತ್ತದೆ, ತುಸು ನಿಧಾನ. ಆಮೇಲೆ ಅಡುಗೆ ಸೋಡಾ ಕಲಸಿದ ನೀರಿನಲ್ಲಿ ತೊಳೆದರೆ ಉಳಿದ ಹುಳಿ ಸಾಯುತ್ತದೆ. ತೊಳೆದದ್ದನ್ನು ಹಾಗೇ ಬಿಟ್ಟರೆ ಕಣ್ಣೆದುರೇ ಹೊಸ ತುಕ್ಕಿನ ಕೇಸರಿ ಬಣ್ಣ ಹರಡುತ್ತದೆ. ಕೂಡಲೇ ಒರೆಸಿ, ಬಿಸಿಲಿಗೋ ಒಲೆಯ ಶಾಖಕ್ಕೋ ಹಿಡಿದು ಪೂರ್ತಿ ಒಣಗಿಸಬೇಕು. ಈ ಹಂತದಲ್ಲಿ ಅವಸರ ಮಾಡಿದವರ ಕೆಲಸ ಮುಂದಿನ ಮಳೆಗಾಲದವರೆಗೂ ಬಾಳುವುದಿಲ್ಲ.

ಒಣಗಿದ ಕಬ್ಬಿಣಕ್ಕೆ ಹೊದಿಕೆ ಬೇಕು. ಬಣ್ಣ ಬಳಿಯುವುದಾದರೆ ಕೆಳಗೆ ರೆಡ್ ಆಕ್ಸೈಡ್, ಮೇಲೆ ಎನಾಮೆಲ್. ಆದರೆ ಹಳೆಯ ಕಬ್ಬಿಣದ ಕಂದುಗಪ್ಪು ಬಣ್ಣವೇ ಚೆನ್ನ. ಅದರ ಮೇಲೆ ಹೊಳೆಯುವ ಹಸಿರನ್ನೋ ಕೆಂಪನ್ನೋ ಬಳಿದರೆ ಸುತ್ತಿಗೆಯ ಗುರುತೂ ನೆಲದ ಗುರುತೂ ಒಟ್ಟಿಗೆ ಮುಚ್ಚಿಹೋಗುತ್ತವೆ. ಅದನ್ನು ಉಳಿಸಿಕೊಳ್ಳಲು ಅಗಸೆ ಎಣ್ಣೆಯಿದೆ. ಹಾರ್ಡ್‌ವೇರ್ ಅಂಗಡಿಗಳಲ್ಲಿ ಲಿನ್‌ಸೀಡ್ ಆಯಿಲ್ ಎಂದು ಕೇಳಿದರೆ ಕೊಡುತ್ತಾರೆ. ತೆಂಗಿನೆಣ್ಣೆ, ಹೊಂಗೆ ಎಣ್ಣೆಗಳು ಎಷ್ಟು ದಿನವಾದರೂ ಜಿಡ್ಡಾಗಿಯೇ ಇದ್ದು ಧೂಳು ಹಿಡಿಯುತ್ತವೆ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಹೀರಿ ತೆಳ್ಳಗಿನ ಗಟ್ಟಿ ಪೊರೆಯಾಗುತ್ತದೆ. ತೆಳುವಾಗಿ ಸವರಿ, ಉಳಿದದ್ದನ್ನು ಒರೆಸಿ, ಒಣಗಿದ ಮೇಲೆ ಇನ್ನೊಮ್ಮೆ ಸವರಬೇಕು. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯುವುದು ಅಪಾಯ. ಎಣ್ಣೆ ಗಟ್ಟಿಯಾಗುವಾಗ ಶಾಖ ಹುಟ್ಟುತ್ತದೆ. ಮುದ್ದೆಯೊಳಗೆ ಅದು ಹೊರಹೋಗಲು ದಾರಿಯಿಲ್ಲದೆ ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು. ಅದನ್ನು ಬಿಡಿಸಿ ಬಯಲಲ್ಲಿ ಹರವಿ ಒಣಗಿಸಬೇಕು, ಇಲ್ಲವೇ ನೀರಿನಲ್ಲಿ ನೆನೆಸಿಡಬೇಕು. ಮೊದಲೇ ಬಣ್ಣವಿರುವ ಹಳೆಯ ಸಾಮಾನಿನಲ್ಲಿ ಇನ್ನೊಂದು ಎಚ್ಚರ ಬೇಕು. ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣ 90 ಪಿಪಿಎಂ ಮೀರಬಾರದೆಂಬ ನಿಯಮ ಭಾರತದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೆ ಮುಂಚಿನ ಬಣ್ಣವನ್ನು ಒಣಗಿದ್ದಾಗಲೇ ಉಜ್ಜಿ ಪುಡಿ ಹಾರಿಸಬಾರದು, ಮಕ್ಕಳ ಹತ್ತಿರವಂತೂ ಸಲ್ಲದು. ಒದ್ದೆ ಮಾಡಿ ಉಜ್ಜಿ, ಕೆಸರನ್ನು ಕಾಗದದಲ್ಲಿ ಕಟ್ಟಿ ಬೇರೆ ಇಡಬೇಕು.

ಇನ್ನು ಯಾವುದು ಏನಾಗಬೇಕು ಎಂಬ ಪ್ರಶ್ನೆ. ಇಲ್ಲಿ ಉಪಕರಣದ ಆಕಾರದ ಮಾತು ಕೇಳುವುದೇ ಸರಿಯಾದ ದಾರಿ. ಕಡಿಮೆ ಕತ್ತರಿಸಿದಷ್ಟೂ, ಕಡಿಮೆ ಬಾಗಿಸಿದಷ್ಟೂ ಒಳ್ಳೆಯದು. ತರಗೆಲೆ ಎಳೆಯುವ ಹಲ್ಲುಕುಂಟೆಯ ತಲೆಯನ್ನು ಕಾವಿನಿಂದ ಬಿಡಿಸಿ, ಹಲ್ಲುಗಳು ಮೇಲ್ಮುಖವಾಗಿ ಹೊರಚಾಚುವಂತೆ ಅಡುಗೆಮನೆಯ ಗೋಡೆಗೆ ಬಿಗಿದರೆ ಸೌಟು, ಜಾಲರಿ, ಸೋಸುವ ಬಟ್ಟೆಗಳಿಗೆ ಅದಕ್ಕಿಂತ ಒಳ್ಳೆಯ ಕೊಕ್ಕೆಸಾಲು ಸಿಗದು. ಹಲ್ಲುಗಳ ನಡುವಿನ ಅಂತರ ಮೊದಲೇ ಸಮವಾಗಿದೆ, ಭಾರ ಹೊರುವ ಶಕ್ತಿಯೂ ಇದೆ. ತುದಿಗಳನ್ನು ಅರದಿಂದ ಮೊಂಡು ಮಾಡುವುದು ಮಾತ್ರ ಬಾಕಿ, ಕಣ್ಣಿನ ಮಟ್ಟಕ್ಕೆ ಬಿಗಿಯದೆ ತುಸು ಕೆಳಗೆ ಬಿಗಿಯುವುದು ಜಾಣತನ. ಮುರಿದ ಸಲಿಕೆಗೆ ಮಲೆನಾಡಿನಲ್ಲೂ ಕರಾವಳಿಯಲ್ಲೂ ಇನ್ನೂ ಒಳ್ಳೆಯ ಉದ್ಯೋಗವಿದೆ. ಅದರ ಬಾಯಿ ಮೇಲಾಗುವಂತೆ, ನೆಲದಿಂದ ನಾಲ್ಕು ಬೆರಳೆತ್ತರ ಬಿಟ್ಟು, ಮೆಟ್ಟಿಲ ಬದಿಯಲ್ಲಿ ಕಾಂಕ್ರೀಟಿನಲ್ಲಿ ಹೂತು ನಿಲ್ಲಿಸಿದರೆ ಆಷಾಢದ ಮಳೆಯಲ್ಲಿ ತೋಟದಿಂದ ಬಂದವರು ಚಪ್ಪಲಿಯ ಕೆಸರನ್ನು ಅದರ ಮೇಲೆ ಕೆರೆದು ಒಳಗೆ ಬರಬಹುದು. ಅಂಚು ಮೊಂಡಾಗಿರಬೇಕು, ಕತ್ತಲಲ್ಲಿ ಯಾರೂ ಎಡವದ ಜಾಗದಲ್ಲಿರಬೇಕು. ಜೀವಮಾನವಿಡೀ ಮಣ್ಣು ಎತ್ತಿದ ಸಲಿಕೆ ಮುಂದೆಯೂ ಮಣ್ಣಿನ ಕೆಲಸವನ್ನೇ ಮಾಡಿಕೊಂಡಿರುತ್ತದೆ.

ಹತ್ತಾರು ಉಪಕರಣಗಳನ್ನು ಬೆಸೆದು ತೋಟದ ಗೇಟು ಮಾಡಿಸುವುದು ಈಚೆಗೆ ಹಲವರಿಗೆ ಇಷ್ಟ. ಕುಡುಗೋಲಿನ ಬಾಗು, ಗುದ್ದಲಿಯ ಚೌಕ, ಪಿಕಾಸಿಯ ಎರಡು ಚಾಚು ಸೇರಿದಾಗ ನಿಜಕ್ಕೂ ಸೊಗಸಾದ ವಿನ್ಯಾಸವಾಗುತ್ತದೆ. ಇದು ವೆಲ್ಡಿಂಗ್ ಅಂಗಡಿಯ ಕೆಲಸ, ಮತ್ತು ಅಲ್ಲಿಯೂ ಎರಡು ವಿಷಯ ತಿಳಿದವರ ಕೆಲಸ. ಹದ ಕೊಟ್ಟ ಅಲಗು ಬೆಸುಗೆಯ ಪಕ್ಕದಲ್ಲಿ ಪೆಡಸಾಗಿ ಬಿರಿಯುತ್ತದೆ. ಮೊದಲೇ ಬಿಸಿ ಮಾಡಿ ಆಮೇಲೆ ನಿಧಾನ ಆರಿಸಿದರೆ ಆ ಭಯ ಕಡಿಮೆ. ಸತುವಿನ ಲೇಪವಿರುವ ಬಕೆಟು, ತಗಡುಗಳನ್ನು ಬೆಸೆಯುವಾಗ ಏಳುವ ಬಿಳಿ ಹೊಗೆ ಕುಡಿದವರಿಗೆ ಸಂಜೆಯ ಹೊತ್ತಿಗೆ ಚಳಿಜ್ವರ ಬರುತ್ತದೆ. ಲೇಪವನ್ನು ಮೊದಲು ಕೆರೆದು ತೆಗೆದು, ಬಯಲಲ್ಲಿ ನಿಂತು ಬೆಸೆಯಬೇಕು. ಗೇಟಿನ ಸಂದುಗಳು ಮಗುವಿನ ತಲೆ ತೂರದಷ್ಟು, ಅಂದರೆ 10 ಸೆಂಟಿಮೀಟರಿಗಿಂತ ಕಿರಿದಾಗಿರಲಿ. ಕುಡುಗೋಲಿನ ಅಲಗನ್ನಂತೂ ಪೂರ್ತಿ ಮೊಂಡು ಮಾಡಿಯೇ ಸೇರಿಸಬೇಕು.

ಕಬ್ಬಿಣಕ್ಕೆ ಇಷ್ಟು ಗಮನ ಕೊಡುವವರು ಕಾವನ್ನು ಒಲೆಗೆ ಹಾಕಿಬಿಡುತ್ತಾರೆ. ಅದು ದೊಡ್ಡ ನಷ್ಟ. ಇಪ್ಪತ್ತು ಮೂವತ್ತು ವರ್ಷ ಅಂಗೈಗಳು ತಿಕ್ಕಿದ ಮರಕ್ಕೆ ಬರುವ ಹೊಳಪು ಯಾವ ಪಾಲಿಷಿನಿಂದಲೂ ಬರುವುದಿಲ್ಲ. ಮುರಿದ ಕಾವಿನ ಗಟ್ಟಿ ಭಾಗವನ್ನು ಗೇಣುದ್ದಕ್ಕೆ ಕತ್ತರಿಸಿ, ಹಲಗೆಯೊಂದಕ್ಕೆ ತುಸು ಮೇಲ್ಮುಖವಾಗಿ ಕೂರಿಸಿದರೆ ಬಟ್ಟೆ ಹಾಕುವ ಗೂಟಗಳಾಗುತ್ತವೆ. ಮೂರು ಕಾವುಗಳಿಗೆ ಒಂದು ಹಲಗೆಯ ತುಂಡು ಸೇರಿದರೆ ತೋಟದಲ್ಲಿ ಕೂತು ಕಳೆ ಕೀಳುವ ಮೋಟು ಮಣೆ. ಉದ್ದನೆಯವು ತೊಂಡೆ, ಹಾಗಲ, ಅವರೆಯ ಬಳ್ಳಿಗೆ ಊರುಗೋಲು. ಇಲ್ಲೆಲ್ಲ ಒಂದೇ ನಿಯಮ: ಕೈ ತಾಗಿ ನುಣುಪಾದ ಭಾಗವನ್ನು ಮರಳು ಕಾಗದದಿಂದ ಉಜ್ಜಬಾರದು. ಗೆದ್ದಲು ಹಿಡಿದದ್ದನ್ನು ಮಾತ್ರ ಒಳಗೆ ತರದೆ ಒಲೆಗೇ ಹಾಕುವುದು ಲೇಸು.

ಗಿಡ ನೆಡುವ ಕುಂಡಗಳಾಗಿ ಬದಲಾಗುವ ಹಳೆಯ ಸಾಮಾನುಗಳದ್ದು ದೊಡ್ಡ ಬಳಗ. ಅದರಲ್ಲಿ ಕೂರಿಗೆಯ ಬಟ್ಟಲಿಗೆ ಮೊದಲ ಸ್ಥಾನ ಕೊಡಬೇಕು. ಬಿತ್ತುವವರು ಮುಷ್ಟಿಯಿಂದ ಬೀಜ ಬಿಡುತ್ತಿದ್ದ ಈ ಮರದ ಬಟ್ಟಲಿನ ತಳದಲ್ಲಿ ಬಿದಿರಿನ ಕೊಳವೆಗಳಿಗೆ ದಾರಿಯಾಗಿ ತೂತುಗಳಿವೆ. ಕುಂಡಕ್ಕೆ ಬೇಕಾದದ್ದೂ ಅದೇ, ನೀರು ಬಸಿದು ಹೋಗುವ ತೂತು. ಟ್ರ್ಯಾಕ್ಟರಿನ ಕೂರಿಗೆ ಬಂದ ಮೇಲೆ ಅಟ್ಟ ಸೇರಿದ ಬಟ್ಟಲಿಗೆ ಒಂದು ಮೊಳೆ ಹೊಡೆಯದೆ, ಒಂದು ರಂಧ್ರ ಕೊರೆಯದೆ, ಹೆಚ್ಚು ನೀರು ಬೇಡದ ಸಣ್ಣ ಗಿಡಗಳನ್ನು ನೆಡಬಹುದು. ಬೀಜ ಸುರಿದ ಜಾಗದಿಂದ ಬೇರು ಇಳಿಯುತ್ತದೆ. ಬಿದಿರಿನ ಮಂಕರಿಯೂ ಹಾಗೆಯೇ. ಒಳಗೆ ತೆಂಗಿನ ನಾರು ಹಾಸಿದರೆ ಸಾಕು. ಆದರೆ ಅದು ಒಂದೆರಡು ವರ್ಷಕ್ಕೆ ಕೊಳೆತು ತಾನೂ ಗೊಬ್ಬರವಾಗುತ್ತದೆ. ಅದನ್ನು ನಷ್ಟವೆಂದು ಭಾವಿಸುವ ಅಗತ್ಯವಿಲ್ಲ.

ಗಾರೆ ಕಲಸುವ ಬಾಂಡ್ಲಿ ಮತ್ತು ಒಂದೇ ಚಕ್ರದ ಕೈಗಾಡಿಗೆ ತೂತು ಕೊರೆಯಲೇಬೇಕು. ಚಿತ್ರಗಳಲ್ಲಿ ಹೂ ತುಂಬಿದ ಕೈಗಾಡಿ ಬಹಳ ಚೆಂದ ಕಾಣುತ್ತದೆ, ಆ ಚಿತ್ರಗಳಲ್ಲಿ ಹೆಚ್ಚಿನವು ತಂಪು ದೇಶಗಳವು. ರಾಯಚೂರಿನ ಅಥವಾ ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ ತಗಡಿನ ಬದಿ ಮುಟ್ಟಲಾಗದಷ್ಟು ಕಾಯುತ್ತದೆ, ಅದಕ್ಕೆ ಅಂಟಿದ ಬೇರು ಬೇಯುತ್ತದೆ. ಒಳಮೈಗೆ ದಪ್ಪ ಗೋಣಿತಟ್ಟನ್ನೋ ತೆಂಗಿನ ನಾರನ್ನೋ ಹೊದಿಸಿ, ಮಧ್ಯಾಹ್ನದ ನಂತರ ನೆರಳು ಬೀಳುವ ಕಡೆ ಇಡಬೇಕು. ಭಾರದ ಲೆಕ್ಕವನ್ನೂ ಮರೆಯಬಾರದು. ಒದ್ದೆ ಮಣ್ಣು ಲೀಟರಿಗೆ ಒಂದೂವರೆ ಕೆ.ಜಿ.ಗೂ ಹೆಚ್ಚು ತೂಗುತ್ತದೆ. 60 ಲೀಟರ್ ಹಿಡಿಯುವ ಗಾಡಿ ನೀರುಂಡ ಮೇಲೆ 90 ಕೆ.ಜಿ. ದಾಟುತ್ತದೆ. ತಾರಸಿಯಾದರೆ ಅದನ್ನು ನಡುವೆ ಇಡದೆ ಕೆಳಗೆ ಗೋಡೆಯೋ ತೊಲೆಯೋ ಇರುವ ಅಂಚಿಗೆ ಇಡುವುದು ಕ್ಷೇಮ, ಮಣ್ಣಿಗೆ ಅರ್ಧದಷ್ಟು ತೆಂಗಿನ ನಾರಿನ ಪುಡಿ ಬೆರೆಸಿದರೆ ಇನ್ನೂ ಕ್ಷೇಮ.

ತಳ ತೂತಾದ ರೋಸ್ ಕ್ಯಾನಿನ ಕಥೆ ಬೇರೆ. ಇಂಗ್ಲೆಂಡಿನ ಜಾನ್ ಹಾಸ್ ಎಂಬವರು ತುಂಬಿದಾಗಲೂ ಕೈಗೆ ಸಮತೂಕವಾಗುವ ಉದ್ದ ಕೊಳವೆಯ ಕ್ಯಾನಿಗೆ 1886ರಲ್ಲಿ ಪೇಟೆಂಟ್ ಪಡೆದರು. ಅದಕ್ಕೆ ಮೊದಲು ಅವರು ಮಾರಿಷಸ್‌ನಲ್ಲಿ ವೆನಿಲ್ಲಾ ಬಳ್ಳಿಗಳಿಗೆ ನೀರು ಹಾಕುತ್ತ ಹಳೆಯ ಮಾದರಿಯ ಕ್ಯಾನುಗಳ ಕಷ್ಟ ಕಂಡಿದ್ದರು. ಸಸಿಯ ಬುಡ ಕದಡದೆ ಮಳೆಯಂತೆ ಹನಿಸುವ ಅದರ ತೂತುಮೂತಿಯೇ ಕ್ಯಾನಿನ ಜೀವ. ಡಬ್ಬ ಹೋದರೂ ಮೂತಿಯನ್ನು ಬಿಚ್ಚಿಟ್ಟುಕೊಂಡು ಪೈಪಿನ ತುದಿಗೆ ಕಟ್ಟಿದರೆ ಇನ್ನೂ ಬಹುಕಾಲ ಬಾಳುತ್ತದೆ. ಉಳಿದ ಡಬ್ಬಕ್ಕೆ ತಳದ ತೂತನ್ನು ಇನ್ನಷ್ಟು ದೊಡ್ಡದು ಮಾಡಿದರೆ ಅದೂ ಕುಂಡವೇ. ಹಳೆಯ ಕ್ಯಾನುಗಳ ಬೆಸುಗೆಯಲ್ಲಿ ಸೀಸ ಇರುವುದರಿಂದ ಅವುಗಳಲ್ಲಿ ಹೂಗಿಡ ಬೆಳೆಯಲಿ. ಕೊತ್ತಂಬರಿ, ಮೆಂತ್ಯದಂಥ ತಿನ್ನುವ ಸೊಪ್ಪು ಬೇಡ.

ಮಣ್ಣಿನ ಕುಂಡಗಳು ಒಡೆದರೂ ತೋಟ ಬಿಟ್ಟು ಹೋಗುವುದಿಲ್ಲ. ಬೋಕಿ ಚೂರು ಹೊಸ ಕುಂಡದ ತೂತಿನ ಮೇಲೆ ಕೂತು ಮಣ್ಣು ಸೋರದಂತೆ, ನೀರು ನಿಲ್ಲದಂತೆ ಕಾಯುತ್ತದೆ. ಒಡೆಯದ, ಆದರೆ ಹಳತಾದ ಕುಂಡಕ್ಕೆ ಇನ್ನೂ ಘನವಾದ ಕೆಲಸವಿದೆ. ತಳದ ತೂತನ್ನು ಸಿಮೆಂಟಿನಿಂದ ಮುಚ್ಚಿ, ಕಂಠದವರೆಗೆ ನೆಲದಲ್ಲಿ ಹೂತು, ನೀರು ತುಂಬಿ ಮುಚ್ಚಳ ಹಾಕಿದರೆ ಸುತ್ತಲಿನ ಮಣ್ಣು ಒಣಗಿದಂತೆಲ್ಲ ಕುಂಡದ ಮೈಯಿಂದ ನೀರು ಜಿನುಗುತ್ತದೆ. ಮಣ್ಣು ಒದ್ದೆಯಿದ್ದಾಗ ಜಿನುಗು ತಾನಾಗಿ ತಗ್ಗುತ್ತದೆ. ಚೀನಾದ ಫಾನ್ ಶೆಂಗ್‌ಝಿ ಬರೆದ ಕ್ರಿಸ್ತಪೂರ್ವ ಒಂದನೇ ಶತಮಾನದ ಕೃಷಿಗ್ರಂಥದಲ್ಲಿ ಹೀಗೆ ಮಡಕೆ ಹೂತು ಸುತ್ತ ಕರಬೂಜದ ಜಾತಿಯ ಬಳ್ಳಿ ಬೆಳೆಸುವ ಕ್ರಮವಿದೆ. ನಮ್ಮ ಒಣಸೀಮೆಯ ರೈತರೂ ಮಾವು, ನೆಲ್ಲಿ ಸಸಿಗಳ ಪಕ್ಕ ಗಡಿಗೆ ಹೂತು ಬೇಸಿಗೆ ದಾಟಿಸುತ್ತಾರೆ. ಬಣ್ಣ ಬಳಿದ ಕುಂಡದಿಂದ ಈ ಕೆಲಸ ಆಗದು, ರಂಧ್ರಗಳು ಮುಚ್ಚಿರುತ್ತವೆ. ಬೋರ್‌ವೆಲ್ಲಿನ ಗಡಸು ನೀರು ಬಿಟ್ಟ ಬಿಳಿಯ ಉಪ್ಪು ಕಟ್ಟಿದ್ದರೆ ಒಮ್ಮೆ ವಿನೆಗರ್‌ನಲ್ಲಿ ನೆನೆಸಿ ಉಜ್ಜಿದಾಗ ಮೈ ಮತ್ತೆ ಬಾಯಿ ಬಿಡುತ್ತದೆ.

ದನಗಳಿಗೆ ಕಲಗಚ್ಚು ಇಡುತ್ತಿದ್ದ ಕಲ್ಲಿನ ಬಾನಿಗೆ ಏನನ್ನೂ ಮಾಡಬೇಕಾಗಿಲ್ಲ. ತೊಳೆದು ನೀರು ತುಂಬಿದರೆ ಸಣ್ಣ ನೈದಿಲೆ ಬೆಳೆಯುತ್ತದೆ, ಹಕ್ಕಿಗಳು ಬರುತ್ತವೆ. ನಾಲ್ಕು ಗಪ್ಪಿ ಮೀನು ಬಿಟ್ಟರೆ ಸೊಳ್ಳೆಯ ಮರಿಗಳನ್ನು ಅವು ನೋಡಿಕೊಳ್ಳುತ್ತವೆ. ಮೀನಿಲ್ಲದ ನೀರನ್ನು ವಾರಕ್ಕೊಮ್ಮೆ ಚೆಲ್ಲಿ ಬಾನಿಯ ಒಳಮೈ ಉಜ್ಜಲೇಬೇಕು, ಏಕೆಂದರೆ ಡೆಂಗೀ ಹರಡುವ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬಲಿಯುವವರೆಗೆ ತೆಗೆದುಕೊಳ್ಳುವ ಕಾಲ ಹೆಚ್ಚುಕಡಿಮೆ ಅಷ್ಟೇ. ಬಾವಿಯ ರಾಟೆಯನ್ನು ಹೆಚ್ಚಿನವರು ದೀಪ ಇಲ್ಲವೇ ಹೂಕುಂಡ ತೂಗುಹಾಕಲು ಬಳಸುತ್ತಾರೆ. ಅದು ತಪ್ಪಲ್ಲ. ಆದರೆ ತಾರಸಿಯ ತೋಟವಿರುವ ಮನೆಯಲ್ಲಿ ಅದೇ ರಾಟೆಯನ್ನು ಗಟ್ಟಿ ತೊಲೆಗೆ ಬಿಗಿದು, ಮಣ್ಣು ಗೊಬ್ಬರಗಳ ಬಕೆಟನ್ನು ಕೆಳಗಿನಿಂದ ಸೇದಿಕೊಳ್ಳುವುದು ಎಷ್ಟೋ ಮೇಲು. ಮೆಟ್ಟಿಲು ಹತ್ತಿಳಿಯಲಾಗದ ಹಿರಿಯರೂ ಆಗ ತೋಟ ಮಾಡಬಲ್ಲರು. ನೀರು ಸೇದಿದ ತೋಳಿಗೆ ಆ ಎಳೆತ ಮರೆತುಹೋಗಿರುವುದಿಲ್ಲ.

ಪ್ಲಾಸ್ಟಿಕ್ಕಿನ ವಿಷಯವನ್ನು ಬೇಗ ಮುಗಿಸಬಹುದು, ಅದು ಸುಂದರವಾಗಿ ಹಳತಾಗುವ ವಸ್ತುವಲ್ಲ. ಬಿಸಿಲಿಗೆ ಬಿರಿದ ನೀರಿನ ಪೈಪನ್ನು ಉದ್ದಕ್ಕೆ ಸೀಳಿ ಬಕೆಟಿನ ತಂತಿ ಹಿಡಿಗೆ, ಗರಗಸದ ಹಲ್ಲಿಗೆ ತೊಡಿಸಬಹುದು. ಸಸಿಯನ್ನು ಊರುಗೋಲಿಗೆ ಕಟ್ಟುವ ತಂತಿಗೆ ಅದನ್ನು ಪೋಣಿಸಿದರೆ ತೊಗಟೆ ಕೊರೆಯುವುದಿಲ್ಲ. ಹನಿ ನೀರಾವರಿಯ 16 ಮಿ.ಮೀ. ಲ್ಯಾಟರಲ್ ಪೈಪು ಉಪ್ಪು ಕಟ್ಟಿ ಕೆಲಸ ನಿಲ್ಲಿಸಿದಾಗ ಹೊಲದ ಬದುವಿನ ಮೇಲೆ ರಾಶಿ ಬೀಳುತ್ತದೆ, ಕೆಲವರು ಅದಕ್ಕೆ ಬೆಂಕಿ ಇಡುತ್ತಾರೆ. ಆ ಹೊಗೆ ಊರಿಗೆಲ್ಲ ಕೆಡುಕು. ಅದನ್ನು ಬೆರಳುದ್ದ ಕತ್ತರಿಸಿ ಸೀಳಿದರೆ ನೆರಳು ಪರದೆಯನ್ನು ತಂತಿಗೆ ಕಚ್ಚಿ ಹಿಡಿಯುವ ಕ್ಲಿಪ್ಪುಗಳಾಗುತ್ತವೆ. ಎರಡೂ ತುದಿಯನ್ನು ನೆಲಕ್ಕೆ ಊರಿ ಕಮಾನು ಮಾಡಿದರೆ ಸಸಿಮಡಿಯ ಮೇಲೆ ಪರದೆ ಹೊದಿಸಲು ಚೌಕಟ್ಟಾಗುತ್ತದೆ.

ಔಷಧಿ ಹೊಡೆಯುವ ಪಂಪಿನ ಬಗ್ಗೆ ಮಾತ್ರ ಕಟ್ಟುನಿಟ್ಟಾಗಿರಬೇಕು. ಬೆನ್ನಿಗೆ ಹಾಕಿಕೊಳ್ಳುವ 16 ಲೀಟರಿನ ಪ್ಲಾಸ್ಟಿಕ್ ಟ್ಯಾಂಕಿನ ಮೈಯೊಳಗೆ ಕೀಟನಾಶಕ ಇಂಗಿರುತ್ತದೆ. ಎಷ್ಟು ತೊಳೆದರೂ ಅದು ಮನೆಗೆ ಬರಬಾರದ ವಸ್ತು. ನೀರಿಡಲು ಬೇಡ, ತರಕಾರಿಯ ಕುಂಡವಾಗಿ ಬೇಡ, ಮಕ್ಕಳ ಆಟಕ್ಕಂತೂ ಬೇಡವೇ ಬೇಡ. ಕೀಟನಾಶಕದ ಖಾಲಿ ಡಬ್ಬಿಗಳನ್ನು ಮೂರು ಸಲ ತೊಳೆದು, ಆ ನೀರನ್ನು ಸಿಂಪಡಣೆಯ ಟ್ಯಾಂಕಿಗೇ ಸುರಿದು, ಡಬ್ಬಿಗೆ ತೂತು ಹೊಡೆದು ಯಾರೂ ಮತ್ತೆ ಬಳಸದಂತೆ ಮಾಡುವುದೇ ಸರಿ. ಬ್ಯಾಟರಿ ಪಂಪಿನ ಬ್ಯಾಟರಿಯನ್ನು ಬಿಚ್ಚಿ ಮಾರಾಟಗಾರರಿಗೆ ಹಿಂದಿರುಗಿಸಬೇಕು.

ಅಡಿಕೆ ತೋಟಗಳ ಹಳೆಯ ಹಿತ್ತಾಳೆ ಪಂಪುಗಳು ಇದಕ್ಕಿಂತ ಭಿನ್ನ. ಮಳೆಗಾಲದ ಕೊಳೆರೋಗದಿಂದ ಕೊನೆಗಳನ್ನು ಉಳಿಸಲು ಮೊದಲು ಕರಡದ ಕೊಟ್ಟೆ ಕಟ್ಟುತ್ತಿದ್ದರು. ಮೈಸೂರು ಸಂಸ್ಥಾನದಲ್ಲಿ ಕೆಲಸ ಮಾಡಿದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಈ ರೋಗವನ್ನು ಅಧ್ಯಯನ ಮಾಡಿ ಬೋರ್ಡೋ ದ್ರಾವಣದ ದಾರಿ ತೋರಿಸಿದರು. 100 ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ ಎಂಬ ಅಳತೆ ಇಂದಿಗೂ ಮಲೆನಾಡಿನ ತೋಟಿಗರಿಗೆ ಬಾಯಿಪಾಠ. ಮೈಲುತುತ್ತದ ನೀರು ಕಬ್ಬಿಣವನ್ನು ತಿನ್ನುತ್ತದೆ, ಅದರ ಮೇಲೆ ತಾಮ್ರದ ಪದರು ಕೂರಿಸುತ್ತದೆ. ಅದಕ್ಕಾಗಿಯೇ ಪಂಪುಗಳು ಹಿತ್ತಾಳೆಯವಾದವು. ತಾಮ್ರ ಸುಣ್ಣಗಳನ್ನು ಮಾತ್ರ ಕಂಡ ಇಂಥ ಪಂಪನ್ನು ಚೆನ್ನಾಗಿ ತೊಳೆದು, ಹುಣಸೆ ಹುಳಿಯಲ್ಲಿ ಬೆಳಗಿ ಜಗಲಿಯಲ್ಲಿ ನಿಲ್ಲಿಸಬಹುದು, ದೀಪದ ಕಂಬವಾಗಿಯೂ ಅದು ಒಪ್ಪುತ್ತದೆ. ಬೇರೆ ವಿಷ ಕಂಡದ್ದೋ ಎಂಬ ಅನುಮಾನವಿದ್ದರೆ ಜಗಲಿಗೂ ತರಬಾರದು.

ಹುಲ್ಲು ಕತ್ತರಿಸುವ ತಳ್ಳುಯಂತ್ರ ನಮ್ಮ ಮನೆಗಳಲ್ಲಿ ಅಪರೂಪ, ಕಾಫಿ ಎಸ್ಟೇಟಿನ ಬಂಗಲೆಗಳಲ್ಲಿ ಸಿಗುತ್ತದೆ. ಅದರ ಹುಟ್ಟು ಸ್ವಾರಸ್ಯದ್ದು. ಇಂಗ್ಲೆಂಡಿನ ಸ್ಟ್ರೌಡ್ ಎಂಬ ಊರಿನ ಎಡ್ವಿನ್ ಬಡ್ಡಿಂಗ್, ಬಟ್ಟೆ ಗಿರಣಿಯಲ್ಲಿ ಉಣ್ಣೆಬಟ್ಟೆಯ ಮೇಲೆದ್ದ ನವಿರನ್ನು ಕತ್ತರಿಸುವ ಯಂತ್ರವನ್ನು ಕಂಡು, ಅದೇ ಉಪಾಯವನ್ನು ಹುಲ್ಲಿಗೆ ಅನ್ವಯಿಸಿ 1830ರಲ್ಲಿ ಪೇಟೆಂಟ್ ಪಡೆದರು. ಗಿರಣಿಯಿಂದ ತೋಟಕ್ಕೆ ಬಂದ ಯಂತ್ರ ಅದು. ಅದರ ಎರಕದ ಚಕ್ರಗಳು ಈಗ ಮೋಟುಮೇಜಿಗೆ ಕಾಲಾದರೆ ತೋಟದಿಂದ ಮನೆಯೊಳಗೆ ಇನ್ನೊಂದು ಪಯಣ ಬೆಳೆಸಿದಂತೆ.

ಕಲಾವಿದರ ಕೈಗೆ ಬಂದಾಗ ಇದೇ ಸಾಮಾನು ಎಲ್ಲಿಗೆ ಮುಟ್ಟಬಹುದೆಂಬುದಕ್ಕೆ ದೊಡ್ಡ ನಿದರ್ಶನಗಳಿವೆ. ಪಿಕಾಸೊ 1951-52ರಲ್ಲಿ ದಕ್ಷಿಣ ಫ್ರಾನ್ಸಿನಲ್ಲಿದ್ದಾಗ ಮಾಡಿದ ಕೊಕ್ಕರೆಯ ಶಿಲ್ಪದಲ್ಲಿ ಬಾಲದ ಗರಿಗಳಾಗಿರುವುದು ಒಂದು ಸಲಿಕೆ. ಪಾದಗಳು ಊಟದ ಮುಳ್ಳುಚಮಚಗಳು. ಸಲಿಕೆಯನ್ನು ಅವರು ಕತ್ತರಿಸಿ ಬೇರೆ ಮಾಡಲಿಲ್ಲ, ಅದರಲ್ಲಿ ಮೊದಲೇ ಇದ್ದ ಗರಿಯ ಆಕಾರವನ್ನು ಕಂಡರು. ಚಂಡೀಗಢದ ನೇಕ್ ಚಂದ್ ರಸ್ತೆ ಇನ್‌ಸ್ಪೆಕ್ಟರ್ ಆಗಿದ್ದವರು. ಹೊಸ ನಗರಕ್ಕಾಗಿ ತೆರವಾದ ಹಳ್ಳಿಗಳ ಅವಶೇಷ, ಒಡೆದ ಬಳೆ, ಪಿಂಗಾಣಿ, ಸೈಕಲ್ಲಿನ ಭಾಗಗಳನ್ನು 1957ರಿಂದ ಯಾರಿಗೂ ತಿಳಿಯದಂತೆ ಕಾಡಿನ ಜಾಗದಲ್ಲಿ ಕೂಡಿಟ್ಟು ಮನುಷ್ಯರನ್ನೂ ಪ್ರಾಣಿಗಳನ್ನೂ ಕಟ್ಟಿದರು. ಆ ರಾಕ್ ಗಾರ್ಡನ್ 1976ರಲ್ಲಿ ಜನರಿಗೆ ತೆರೆಯಿತು. ಮೆಕ್ಸಿಕೋದ ಪೆಡ್ರೊ ರೇಯೆಸ್ ಈ ದಾರಿಯನ್ನೇ ತಿರುಗಿಸಿದರು. ಕುಲಿಯಾಕಾನ್ ನಗರದ ಜನ ಒಪ್ಪಿಸಿದ 1,527 ಬಂದೂಕುಗಳನ್ನು ಕರಗಿಸಿ ಅಷ್ಟೇ ಸಂಖ್ಯೆಯ ಸಲಿಕೆ ಮಾಡಿಸಿ, ಅವುಗಳಿಂದ ಗಿಡ ನೆಡಿಸಿದರು. ತೋಟದ ಉಪಕರಣವೇ ಒಂದು ವಸ್ತುವಿನ ಕೊನೆಯ, ಅತಿ ಒಳ್ಳೆಯ ರೂಪವೂ ಆಗಬಲ್ಲದು ಎಂಬುದನ್ನು ಈ ಸಲಿಕೆಗಳಷ್ಟು ಚೆನ್ನಾಗಿ ಬೇರಾವುದೂ ತೋರಿಸಿಲ್ಲ.

ಅಲಂಕಾರಕ್ಕೆಂದೇ ಇಡುವಾಗಲೂ ಆ ವಸ್ತುವಿನ ಹೆಸರು ಜೊತೆಗಿರಲಿ. ಹೆದ್ದಾರಿಯ ಹೋಟೆಲುಗಳಲ್ಲಿ ಗಾಡಿಯ ಚಕ್ರ, ನೊಗ, ಕುಂಟೆಗಳನ್ನು ವಾರ್ನಿಷ್ ಬಳಿದು ಗೋಡೆಗೆ ಹೊಡೆದಿರುತ್ತಾರೆ. ಕೆಳಗೆ ಕೂತು ಉಣ್ಣುವ ಮಗುವಿಗೆ ಅದೇನೆಂದು ಹೇಳುವವರಿಲ್ಲ. ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕದಲ್ಲಿ ಬೇಸಾಯದ ಹಳೆಯ ಸಾಧನಗಳನ್ನು ಬದುಕಿನ ಇತರ ಸಾಮಾನುಗಳೊಂದಿಗೆ ಇಟ್ಟು ತೋರಿಸುವ ಕ್ರಮ ಅನುಸರಿಸಲು ಯೋಗ್ಯ. ಮನೆಯ ಗೋಡೆಯ ಮೇಲಿನ ಒಂದು ಕುರ್ಚಿಗೆಯ ಕೆಳಗೂ ಅದರ ಹೆಸರು, ಯಾವ ಊರಿನದು, ಯಾರು ಬಳಸಿದ್ದು ಎಂಬ ಮೂರು ಸಾಲಿನ ಚೀಟಿ ಅಂಟಿಸಬಹುದು. ಆಯುಧಪೂಜೆಯ ದಿನ ಅಡುಗೆಮನೆಯ ಕೊಕ್ಕೆಯಾದ ಹಲ್ಲುಕುಂಟೆಗೂ ಮೆಟ್ಟಿಲ ಬದಿಯ ಸಲಿಕೆಗೂ ಕುಂಕುಮ ಇಟ್ಟು ಹೂ ಏರಿಸುವ ಮನೆಗಳಿವೆ. ಅವು ಇನ್ನೂ ದುಡಿಯುತ್ತಿರುವುದರಿಂದ ಆ ಮರ್ಯಾದೆ ಅವುಗಳಿಗೆ ಸಲ್ಲತಕ್ಕದ್ದೇ.

ಇಷ್ಟೆಲ್ಲ ಆರಿಸಿದ ಮೇಲೂ ಉಳಿಯುವ ಮುಕ್ಕು ಮೂಳೆ ಗುಜರಿಗೆ ಹೋಗಲಿ. ಕಬ್ಬಿಣವನ್ನು ಎಷ್ಟು ಸಲ ಕರಗಿಸಿದರೂ ಗುಣ ಕೆಡುವುದಿಲ್ಲ. ತೂಕಕ್ಕೆ ಹಾಕುವ ಮುನ್ನ ಹಿತ್ತಾಳೆಯ ನಲ್ಲಿ, ತಾಮ್ರದ ತಂತಿ, ಅಲ್ಯೂಮಿನಿಯಂ ಕೊಳವೆಗಳನ್ನು ಬೇರೆ ಮಾಡಿದರೆ ಒಳ್ಳೆಯ ಬೆಲೆ ಬರುತ್ತದೆ. ತಿರುಪು, ನಟ್ಟು, ಬೋಲ್ಟು, ಕಾವಿನ ಬಳೆ, ಗಟ್ಟಿಯಾಗಿರುವ ಚಕ್ರದ ಅಚ್ಚುಗಳನ್ನು ಬಿಚ್ಚಿ ಎಣ್ಣೆ ಸವರಿ ಒಂದು ಡಬ್ಬದಲ್ಲಿ ಹಾಕಿಡಬೇಕು, ಮುಂದಿನ ಗುದ್ದಲಿಗೆ ಬೇಕಾಗುತ್ತವೆ.